ಬಟ್ಟೆಯ ಅಂಚೆಕಾರ್ಡು, ಪುಟ್ಟ ಕೌದಿ: ಕೆಲಸ ಎಲ್ಲಿ ಕೆಟ್ಟಿತೆಂದು ಪತ್ತೆಹಚ್ಚುವ ಬಗೆ

ಉಡುಗೊರೆಗೆಂದು ಹೊಲಿದ ಬಟ್ಟೆಯ ಕಾರ್ಡು ಡೊಂಕಾದರೆ ಅಥವಾ ತೊಟ್ಟಿಲಿಗೆಂದು ಹಳೆಯ ಸೀರೆಗಳನ್ನು ಪದರುಪದರಾಗಿ ಸೇರಿಸಿ ಹೊಲಿದ ಕೌದಿ ನಡುವೆ ಉಬ್ಬಿಕೊಂಡರೆ ನಮ್ಮ ಕೈ ಮೊದಲು ಹೋಗುವುದು ಮಷೀನಿನಲ್ಲಿ ದಾರದ ಬಿಗಿ ಹೊಂದಿಸುವ ಟೆನ್ಶನ್ ತಿರುಪಿನ ಕಡೆಗೆ. ಧಾರವಾಡದ ಮನೆಯಲ್ಲಿ ಕುಳಿತು ಇಂಥ ಸಣ್ಣ ಕೆಲಸಗಳನ್ನು ಹೊಲಿಯುತ್ತ ನಾನು ಕಂಡುಕೊಂಡ ಪ್ರಕಾರ, ದೋಷ ಕಣ್ಣಿಗೆ ಬೀಳುವುದು ಹೊಲಿಗೆಯಲ್ಲಾದರೂ ಅದು ಹುಟ್ಟಿರುವುದು ಬಹುಮಟ್ಟಿಗೆ ಅದಕ್ಕೂ ಮುಂಚೆ, ಅಂದರೆ ಬಟ್ಟೆಯನ್ನು ನೆನೆಸದೆ ಕತ್ತರಿಸಿದಾಗ, ಇಸ್ತ್ರಿಯನ್ನು ಅವಸರದಲ್ಲಿ ಎಳೆದಾಡಿದಾಗ, ಇಲ್ಲವೆ ಹಾಸು (ಬಟ್ಟೆಯ ಉದ್ದದ ಎಳೆ) ಯಾವುದು, ಹೊಕ್ಕು (ಅಡ್ಡದ ಎಳೆ) ಯಾವುದು ಎಂದು ನೋಡದೆ ತುಂಡುಗಳನ್ನು ಜೋಡಿಸಿದಾಗ. ಆದ್ದರಿಂದ ಇಲ್ಲಿ ಕಾಣುವ ಲಕ್ಷಣದಿಂದ ಹಿಂದಕ್ಕೆ ನಡೆದು ಕಾರಣವನ್ನು ಹುಡುಕುವ ಕ್ರಮವನ್ನು ಬರೆದಿದ್ದೇನೆ.

ಹೊಲಿಗೆ ಬಿಚ್ಚುವ ಮುನ್ನ ಎರಡು ನಿಯಮಗಳನ್ನು ಪಾಲಿಸಬೇಕು. ಕೆಟ್ಟ ಕಾರ್ಡನ್ನು ತಕ್ಷಣ ಬಿಚ್ಚಬಾರದು, ಏಕೆಂದರೆ ಬಿಚ್ಚಿದ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ. ಎರಡನೆಯದಾಗಿ, ಅದೇ ಬಟ್ಟೆ, ಅದೇ ಬಕ್ರಮ್ (ಗಟ್ಟಿತನಕ್ಕೆಂದು ಒಳಗಿಡುವ ಬಿರುಸು ಬಟ್ಟೆ), ಅಷ್ಟೇ ಪದರುಗಳಿರುವ ಒಂದು ಚಿಕ್ಕ ತುಂಡನ್ನು ಪರೀಕ್ಷೆಗೆಂದು ಇಟ್ಟುಕೊಂಡು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಸೂಜಿಯನ್ನೂ ದಾರವನ್ನೂ ಟೆನ್ಶನ್ನನ್ನೂ ಒಟ್ಟಿಗೆ ಬದಲಿಸಿದವರಿಗೆ ಹೊಲಿಗೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ, ಮುಂದಿನ ವಾರ ಅದೇ ಕಾಟ ಮರಳಿ ಬರುತ್ತದೆ.

ಇಲ್ಲಿ ಕಾರ್ಡು ಎಂದರೆ ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ತುಂಡು. ಮುಂಬದಿಗೆ ತುಂಡು ಜೋಡಿಸಿದ ಅಥವಾ ಕಸೂತಿ ಹಾಕಿದ ಬಟ್ಟೆ, ನಡುವೆ ಗಟ್ಟಿ ಬಕ್ರಮ್, ಹಿಂಬದಿಗೆ ವಿಳಾಸ ಬರೆಯಲು ತಿಳಿಬಣ್ಣದ ಹತ್ತಿ ಬಟ್ಟೆ, ಸುತ್ತಲೂ ಅಂಚು ಕಟ್ಟುವ ಹೊಲಿಗೆ. (ರಾಷ್ಟ್ರಧ್ವಜಗಳನ್ನು ತಯಾರಿಸುವ ಊರು ನಮ್ಮ ಹುಬ್ಬಳ್ಳಿಯ ಬೆಂಗೇರಿ. ಧ್ವಜಸಂಹಿತೆಯಲ್ಲಿ ಹೇಳಿರುವ ಒಂಬತ್ತು ಅಳತೆಗಳಲ್ಲಿ ತೀರ ಚಿಕ್ಕದಾದ ಮೇಜಿನ ಧ್ವಜ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲ ಇರುತ್ತದೆ, ಅಂದರೆ ಹೆಚ್ಚುಕಡಿಮೆ ನಮ್ಮ ಕಾರ್ಡಿನಷ್ಟೇ. ಅಷ್ಟು ಚಿಕ್ಕ ತುಂಡಿನಲ್ಲೂ ನೂಲಿನ ಲೆಕ್ಕ ತಪ್ಪಬಾರದೆಂಬ ಅಲ್ಲಿನ ಶಿಸ್ತು ನಮಗೂ ಸ್ವಲ್ಪ ಬರಬೇಕು.)

ಡೊಂಕಾದ ಕಾರ್ಡು: ಹಪ್ಪಳವೋ, ದೊನ್ನೆಯೋ, ಅಲೆಯೋ

ಕಾರ್ಡನ್ನು ಸಮನಾದ ಮೇಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿರಿ. ಡೊಂಕು ಮೂರು ಬಗೆಯಲ್ಲಿರುತ್ತದೆ, ಮೂರಕ್ಕೂ ಕಾರಣ ಬೇರೆ.

ಇಡೀ ಕಾರ್ಡು ಸುಟ್ಟ ಹಪ್ಪಳದಂತೆ ಒಂದೇ ದಿಕ್ಕಿಗೆ ಸುರುಳಿಯಾಗಿದ್ದರೆ ಪದರುಗಳ ಪೈಕಿ ಒಂದು ಉಳಿದವಕ್ಕಿಂತ ಹೆಚ್ಚು ಕುಗ್ಗಿದೆ ಎಂದರ್ಥ. ತಗ್ಗು ಯಾವ ಬದಿಗೆ ಬಿದ್ದಿದೆಯೋ ಆ ಬದಿಯ ಬಟ್ಟೆಯೇ ಅಪರಾಧಿ. ಆರು ಇಂಚಿನ ತುಂಡು ಕಾಲು ಇಂಚು ಕುಗ್ಗಿದರೂ ಕಾರ್ಡು ಎದ್ದು ನಿಲ್ಲಲು ಅದು ಸಾಕು. ಹೊಸ ಖಾದಿ, ಹೊಸ ಕೈಮಗ್ಗದ ಬಟ್ಟೆ, ಗಂಜಿ ಹಿಡಿದ ಬಿಳಿ ಬಟ್ಟೆ ಇವು ನೀರು ಕಾಣದೆ ಇಸ್ತ್ರಿಯ ಕೆಳಗೆ ಹೋದರೆ ಹೀಗಾಗುವುದು ಬಹುತೇಕ ಖಚಿತ. ಸಾಮಾನ್ಯವಾಗಿ ಹೊಕ್ಕಿಗಿಂತ ಹಾಸು ಹೆಚ್ಚು ಕುಗ್ಗುತ್ತದೆ, ಏಕೆಂದರೆ ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿದು ಎಳೆದಿರುತ್ತಾರೆ, ನೀರು ಬಿದ್ದಾಗ ಆ ಬಿಗಿ ಸಡಿಲಗೊಳ್ಳುತ್ತದೆ. ಮುಂಬದಿಯ ಬಟ್ಟೆಯ ಹಾಸು ಉದ್ದಕ್ಕೂ ಹಿಂಬದಿಯ ಬಟ್ಟೆಯ ಹಾಸು ಅಡ್ಡಕ್ಕೂ ಬಂದಿದ್ದರೆ ಕಾರ್ಡು ಮೂಲೆಯಿಂದ ಮೂಲೆಗೆ ತಿರುಚಿಕೊಳ್ಳುವುದೂ ಉಂಟು. ಪರಿಹಾರವೆಂದರೆ ಬಟ್ಟೆಯನ್ನೆಲ್ಲ ಮೊದಲೇ ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಎರಡೂ ಬಟ್ಟೆಗಳ ಹಾಸನ್ನು ಒಂದೇ ದಿಕ್ಕಿಗೆ ಇಟ್ಟು ಕತ್ತರಿಸುವುದು. ಹಾಸು ಯಾವುದೆಂದು ಗೊತ್ತಾಗದಿದ್ದರೆ ಬಟ್ಟೆಯ ಸಿದ್ಧ ಅಂಚನ್ನು ನೋಡಿರಿ, ಹಾಸು ಆ ಅಂಚಿಗೆ ಸಮಾನಾಂತರವಾಗಿ ಹೋಗುತ್ತದೆ. ಅಂಚೇ ಇಲ್ಲದ ತುಂಡಾದರೆ ಎರಡೂ ದಿಕ್ಕಿಗೆ ಮೆಲ್ಲನೆ ಎಳೆದು ನೋಡಿರಿ, ಕಡಿಮೆ ಹಿಗ್ಗುವ ದಿಕ್ಕು ಸಾಮಾನ್ಯವಾಗಿ ಹಾಸಿನದು.

ಹೀಗೆ ಡೊಂಕಾಗಲು ಇನ್ನೊಂದು ಕಾರಣವೂ ಇದೆ, ಅದರ ಪೆಟ್ಟನ್ನು ನಾನೇ ತಿಂದಿದ್ದೇನೆ. ಒಂದು ವರ್ಷ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಕೊಡಲೆಂದು ಹನ್ನೆರಡು ಕಾರ್ಡು ಹೊಲಿದಿದ್ದೆ. ಬಟ್ಟೆಯನ್ನು ನೆನೆಸಿ ಒಣಗಿಸಿದ್ದೆ, ಹಾಸಿನ ದಿಕ್ಕನ್ನೂ ನೋಡಿದ್ದೆ. ಆದರೂ ಮರುದಿನ ಬೆಳಿಗ್ಗೆ ಹನ್ನೆರಡೂ ಕಾರ್ಡುಗಳು ತಟ್ಟೆಯಲ್ಲಿ ಜೋಡಿಸಿಟ್ಟ ಹಪ್ಪಳಗಳಂತೆ ಬಾಗಿ ಕುಳಿತಿದ್ದವು. ತಗ್ಗು ಮುಂಬದಿಗೆ ಬಿದ್ದಿತ್ತು. ಟೇಲರ್‌ಗಳು ಪೇಸ್ಟಿಂಗ್ ಎನ್ನುವ ಒಂದೇ ಮೈಗೆ ಅಂಟು ಸವರಿರುವ ಬಕ್ರಮ್ ತಂದು ಮುಂಬದಿಯ ಬಟ್ಟೆಯನ್ನಷ್ಟೇ ಅದಕ್ಕೆ ಅಂಟಿಸಿ, ಹಿಂಬದಿಯದನ್ನು ಬರೀ ಅಂಚಿನ ಹೊಲಿಗೆಯಿಂದ ಹಿಡಿಸಿದ್ದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತೇವ ಹಿಡಿದಿದ್ದ ಮುಂಬದಿಯ ಬಟ್ಟೆ ಇಸ್ತ್ರಿಯ ಕೆಳಗೆ ಒಣಗಿ ಕುಗ್ಗಿದ ಸ್ಥಿತಿಯಲ್ಲೇ ಬಕ್ರಮ್‌ಗೆ ಅಂಟಿಕೊಂಡಿತು, ಹಿಂಬದಿ ಮಾತ್ರ ತನ್ನ ಪಾಡಿಗೆ ತಾನಿತ್ತು. ಅಂದಿನಿಂದ ನಾನು ತೆಳುವಾದ ಎರಡು ಪೇಸ್ಟಿಂಗ್ ತುಂಡುಗಳನ್ನು ತೆಗೆದುಕೊಂಡು, ಒಂದನ್ನು ಮುಂಬದಿಗೆ, ಒಂದನ್ನು ಹಿಂಬದಿಗೆ ಅಂಟಿಸಿ, ಎರಡರ ನಡುವೆ ಗಟ್ಟಿ ಬಕ್ರಮ್ ಇಡುತ್ತೇನೆ. ಬಿಸಿ ಆರುವ ತನಕ ದಪ್ಪ ಪುಸ್ತಕಗಳ ಕೆಳಗೆ ಒತ್ತಿಡುವುದನ್ನಂತೂ ಬಿಡುವುದಿಲ್ಲ. ಅಂಟು ಬಿಸಿಯಲ್ಲಿ ಕರಗಿ ತಂಪಿನಲ್ಲಿ ಹಿಡಿಯುತ್ತದೆ. ಬಿಸಿಯಿರುವಾಗಲೇ ಕೈಗೆತ್ತಿಕೊಂಡ ಕಾರ್ಡು ಕೈ ಬಾಗಿಸಿದ ಆಕಾರದಲ್ಲೇ ಗಟ್ಟಿಯಾಗುತ್ತದೆ.

ನಾಲ್ಕೂ ಮೂಲೆಗಳು ಮೇಲೆದ್ದು ನಡು ತಗ್ಗಾಗಿ ಕಾರ್ಡು ದೊನ್ನೆಯಂತಾಗಿದ್ದರೆ ಅಂಚಿನ ಹೊಲಿಗೆ ಬಿಗಿಯಾಗಿದೆ. ಅದಕ್ಕೆ ತದ್ವಿರುದ್ಧವಾಗಿ ನಡು ಸಮನಾಗಿದ್ದು ಅಂಚು ಮಾತ್ರ ಅಲೆಅಲೆಯಾಗಿದ್ದರೆ ಹೊಲಿಗೆ ತೀರ ಒತ್ತಾಗಿದೆ ಅಥವಾ ಹೊಲಿಯುವಾಗ ಬಟ್ಟೆಯನ್ನು ಹಿಂದಿನಿಂದ ಎಳೆಯಲಾಗಿದೆ. ಒಂದೇ ಜಾಗದಲ್ಲಿ ಹೆಚ್ಚು ದಾರ ತುಂಬಿದಾಗ ಆ ದಾರಕ್ಕೂ ಜಾಗ ಬೇಕಾಗುತ್ತದೆ, ಅಂಚು ಹಿಗ್ಗುತ್ತದೆ. ಈ ಎರಡನ್ನೂ ಇಸ್ತ್ರಿಯಿಂದ ತಿದ್ದಲು ಹೋಗುವುದು ವ್ಯರ್ಥ, ಅಂಚನ್ನು ಬಿಚ್ಚಿಯೇ ಹೊಲಿಯಬೇಕು.

ಗುಳ್ಳೆ ಎದ್ದ ಕಾರ್ಡು, ಇಸ್ತ್ರಿಗೆ ಅಂಟಿದ ಖಣ

ಅಂಟಿಸಿದ ಬಟ್ಟೆಯ ಮೇಲೆ ಗುಳ್ಳೆಗಳಿದ್ದರೆ ಉಗುರಿನಿಂದ ಮೆಲ್ಲನೆ ಒತ್ತಿ ನೋಡಿರಿ. ಗುಳ್ಳೆ ಅತ್ತಿತ್ತ ಸರಿದರೆ ಅಲ್ಲಿ ಅಂಟು ಹಿಡಿದೇ ಇಲ್ಲ. ಸರಿಯದೆ ನೆರಿಗೆಯಂತೆ ನಿಂತರೆ ಬಟ್ಟೆ ಮಡಚಿಕೊಂಡೇ ಅಂಟಿದೆ. ಮೊದಲನೆಯದನ್ನು ತಿದ್ದಬಹುದು: ಮೇಲೊಂದು ತೆಳುವಾದ ಬಟ್ಟೆ ಹಾಸಿ, ಇಸ್ತ್ರಿಯನ್ನು ಜಾರಿಸದೆ ಒಂದೇ ಕಡೆ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು, ಎತ್ತಿ, ಪಕ್ಕದ ಜಾಗಕ್ಕೆ ಇಡಬೇಕು. ಅಂಗಿ ಇಸ್ತ್ರಿ ಮಾಡುವಂತೆ ತಿಕ್ಕಿದರೆ ಕರಗುತ್ತಿರುವ ಅಂಟಿನ ಮೇಲೆ ಬಟ್ಟೆ ಸರಿದು ಎರಡನೆಯ ಬಗೆಯ ನೆರಿಗೆ ತಯಾರಾಗುತ್ತದೆ, ಅದಕ್ಕೆ ಮದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಕಪಾಟಿನೊಳಗಿನ ಬಟ್ಟೆಯೂ ತೇವ ಹಿಡಿದಿರುತ್ತದೆ. ಆ ತಿಂಗಳುಗಳಲ್ಲಿ ಬಟ್ಟೆಯನ್ನೂ ಬಕ್ರಮನ್ನೂ ಬೇರೆಬೇರೆಯಾಗಿ ಒಮ್ಮೆ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಅಂಟಿಸಬೇಕು, ಏಕೆಂದರೆ ಒಳಗಿನ ತೇವ ಆವಿಯಾಗಿ ಹೊರಬರುವಾಗ ಅಂಟನ್ನು ಎತ್ತಿಬಿಡುತ್ತದೆ. ಬಕ್ರಮಿನ ಅಂಟಿರುವ ಮೈಯನ್ನು ಬೆರಳಿನಿಂದಲೇ ಗುರುತಿಸಬಹುದು: ಅದು ತರಿತರಿಯಾಗಿದ್ದು, ಬೆಳಕಿಗೆ ಹಿಡಿದರೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ.

ಬಟ್ಟೆಯೇ ಕರಗಿ ಇಸ್ತ್ರಿಗೆ ಅಂಟಿದರೆ ಅದು ಹತ್ತಿಯೂ ಅಲ್ಲ, ರೇಷ್ಮೆಯೂ ಅಲ್ಲ. ಗುಳೇದಗುಡ್ಡದ ಕುಪ್ಪಸದ ಖಣ ಎಂದು ಕೊಂಡ ಬಟ್ಟೆಯಲ್ಲಿ ಪಾಲಿಯೆಸ್ಟರ್ ಇರುವುದು ಇಂದು ಅಪರೂಪವಲ್ಲ. ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಚಿಮಟಿಗೆಯಲ್ಲಿ ಹಿಡಿದು ಬೆಂಕಿ ತೋರಿಸಿರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ನೇಕಾರರು ಚಮಕ ಎನ್ನುವ ಕೃತಕ ರೇಷ್ಮೆ ಮಾತ್ರ ಹತ್ತಿಯಂತೆಯೇ ಉರಿಯುತ್ತದೆ, ಆದರೆ ನೀರು ತಗುಲಿದಾಗ ಅದು ಬಲ ಕಳೆದುಕೊಳ್ಳುವುದರಿಂದ ಅದರ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಎಳೆಯಬಾರದು. ಇಸ್ತ್ರಿಯ ಮೇಲಿನ ಒಂದು ಚುಕ್ಕೆ ಸುಮಾರು 110, ಎರಡು ಚುಕ್ಕೆ 150, ಮೂರು ಚುಕ್ಕೆ 200 ಡಿಗ್ರಿ ಸೆಲ್ಸಿಯಸ್ ಎಂದು ತಿಳಿಯಬಹುದು. ಮಿಶ್ರ ಖಣಕ್ಕೆ ಒಂದು ಚುಕ್ಕೆಯಿಂದ ಆರಂಭಿಸಿ, ಹಿಂಬದಿಯಿಂದಲೇ ಒತ್ತುವುದು ಕ್ಷೇಮ.

ಕೆಳಗೆ ದಾರದ ಗೊಂಚಲು, ನಡುನಡುವೆ ತಪ್ಪಿದ ಹೊಲಿಗೆ

ಈಗ ಮಷೀನಿಗೆ ಬರೋಣ. ಬಟ್ಟೆಯ ಕೆಳಗೆ ದಾರ ಗೊಂಚಲುಗಟ್ಟಿದಾಗ ಎಲ್ಲರೂ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸನ್ನು ಬೈಯುತ್ತಾರೆ, ಆದರೆ ತಪ್ಪು ಬಹಳ ಸಲ ಮೇಲಿನ ದಾರದ್ದು. ತಿಳಿಯುವ ಸುಲಭ ಉಪಾಯವೆಂದರೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಪರೀಕ್ಷೆಯ ತುಂಡಿನ ಮೇಲೆ ಒಂದು ಗೆರೆ ಹೊಲಿಯುವುದು. ಬಟ್ಟೆಯ ಕೆಳಗೆ ಕೆಂಪು ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲವಾಗಿದೆ. ಮೇಲ್ಗಡೆ ಬಿಳಿ ಚುಕ್ಕೆಗಳು ಕಂಡರೆ ಮೇಲಿನದು ಅತಿ ಬಿಗಿಯಾಗಿದೆ ಅಥವಾ ಬಾಬಿನ್ ದಾರ ಸಡಿಲವಾಗಿದೆ. ಮೇಲಿನ ದಾರ ಸಡಿಲವೆಂದು ಗೊತ್ತಾದರೆ ತಿರುಪನ್ನು ಮುಟ್ಟುವ ಮುಂಚೆ ದಾರವನ್ನು ಪೂರ್ತಿ ತೆಗೆದು, ಒತ್ತುವ ಪಾದವನ್ನು ಮೇಲೆತ್ತಿ, ಹೊಸದಾಗಿ ಪೋಣಿಸಿರಿ. ಪಾದ ಕೆಳಗಿದ್ದಾಗ ಟೆನ್ಶನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಮೇಲೆಯೇ ತೇಲುತ್ತದೆ. ಗೊಂಚಲು ಹೊಲಿಗೆಯ ಆರಂಭದಲ್ಲಿ ಮಾತ್ರ ಬರುತ್ತಿದ್ದರೆ ಮೊದಲ ಮೂರು ನಾಲ್ಕು ಹೊಲಿಗೆ ಬೀಳುವವರೆಗೆ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡರೆ ಸಾಕು. ಕಾಲುಮಷೀನಿನಲ್ಲಿ ಚಕ್ರ ಒಮ್ಮೆ ಹಿಂದಕ್ಕೆ ತಿರುಗಿದರೂ ದಾರ ಸಿಕ್ಕಿಬೀಳುತ್ತದೆ, ಆದ್ದರಿಂದ ಪೆಡಲ್ ಒತ್ತುವ ಮೊದಲು ಕೈಯಿಂದ ಚಕ್ರವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು.

ಬಾಬಿನ್ ಕೇಸಿನ ಪರೀಕ್ಷೆಯೂ ಸರಳ. ದಾರ ಹಿಡಿದು ಕೇಸನ್ನು ತೂಗಬಿಟ್ಟರೆ ಅದು ತಾನಾಗಿ ಇಳಿಯಬಾರದು, ಕೈಯನ್ನು ಸ್ವಲ್ಪ ಜಗ್ಗಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಹಾಗಾಗದಿದ್ದರೆ ಪಕ್ಕದ ಚಿಕ್ಕ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಮತ್ತೆ ನೋಡಿರಿ.

ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ನನ್ನ ಸಲಹೆ ಒಂದೇ: ಮೊದಲು ಸೂಜಿ ಬದಲಿಸಿರಿ. ಬ್ಲೌಸಿಗೆ ಬಳಸುವ 14ನೆಯ ನಂಬರಿನ ಸೂಜಿ ಗಟ್ಟಿ ಬಕ್ರಮಿನಲ್ಲಿ ಬಾಗುತ್ತದೆ, ಅಲ್ಲಿ 16 ಬೇಕು. ಅನುಮಾನವಿದ್ದರೆ ಸೂಜಿಯ ಚಪ್ಪಟೆ ಬದಿಯನ್ನು ಗಾಜಿನ ಮೇಲಿಟ್ಟು, ಸೂಜಿಗೂ ಗಾಜಿಗೂ ನಡುವಿನ ಸಂದು ಕೊನೆಯತನಕ ಸಮನಾಗಿದೆಯೇ ನೋಡಿರಿ. ಸೂಜಿಯಲ್ಲಿ ಉದ್ದ ಗೀರು ಇರುವ ಕಡೆಯಿಂದ ದಾರ ಒಳಹೋಗಿ ಚಪ್ಪಟೆ ಬದಿಯಿಂದ ಹೊರಬರಬೇಕು, ಸೂಜಿ ತಿರುವುಮುರುವಾಗಿ ಕುಳಿತಿದ್ದರೆ ಒಂದು ಹೊಲಿಗೆಯೂ ಬೀಳುವುದಿಲ್ಲ. ಹತ್ತು ಹದಿನೈದು ಹೊಲಿಗೆ ಸರಿಯಾಗಿ ಬಿದ್ದು ಆಮೇಲೆ ತಪ್ಪತೊಡಗಿದರೆ ಸೂಜಿಗೆ ಅಂಟು ಮೆತ್ತಿದೆ. ಬೆರಳಿನಿಂದ ಸವರಿದರೆ ಜಿಗುಟು ಹತ್ತುತ್ತದೆ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಬಕ್ರಮ್ ಪೂರ್ತಿ ಆರುವ ಮೊದಲೇ ಹೊಲಿಯಲು ಕುಳಿತವರಿಗೆ ಈ ಕಾಟ ಹೆಚ್ಚು.

ಪೆಡಲ್ ತುಳಿದರೂ ದಪ್ಪ ಜಾಗದಲ್ಲಿ ಚಕ್ರ ನಿಂತುಬಿಟ್ಟರೆ ತೊಗಲಿನ ಬೆಲ್ಟು ಜಾರುತ್ತಿದೆ. ಅರ್ಧ ಇಂಚು ಕತ್ತರಿಸಿ ಕೊಕ್ಕೆ ಮತ್ತೆ ಹಾಕಿದರೆ ಕೆಲಸ ಮುಗಿಯಿತು.

ಅಂಚಿನಿಂದ ಹರಿದುಬರುವ ಕಾರ್ಡು

ನೇರ ಹೊಲಿಗೆಯ ಕರಿ ಮಷೀನಿನಲ್ಲಿ ಅಂಚು ಮುಚ್ಚುವ ಜಿಗ್‌ಜ್ಯಾಗ್ ಹೊಲಿಗೆ ಬರುವುದಿಲ್ಲ. ಅದಕ್ಕೆ ಪರ್ಯಾಯವೆಂದು ಅಂಚಿನ ಉದ್ದಕ್ಕೂ ತೀರ ಚಿಕ್ಕ ಹೊಲಿಗೆಗಳನ್ನು ಎರಡು ಮೂರು ಸುತ್ತು ಹಾಕಿದವರ ಕಾರ್ಡು ಸ್ವಲ್ಪ ಬಾಗಿಸಿದರೆ ಆ ಗೆರೆಯಲ್ಲೇ ಹರಿದುಕೊಳ್ಳುತ್ತದೆ, ಅಂಚೆಚೀಟಿಯ ಹಾಳೆಯಲ್ಲಿ ಚೀಟಿ ಬಿಡಿಸಿಕೊಳ್ಳಲು ಸಾಲು ತೂತು ಇರುವ ಹಾಗೆ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಸಾಕು. ಅಂಚನ್ನು ಕೈಯಿಂದ ಗುಂಡಿಯ ತೂತಿಗೆ ಹಾಕುವಂಥ ಕಾಜಾ ಹೊಲಿಗೆ ಹಾಕಿ ಮುಚ್ಚಬಹುದು ಅಥವಾ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಕಟ್ಟಬಹುದು. ಸಮಯವಿಲ್ಲದವರು ಸೀರೆಗೆ ಪೀಕೋ ಫಾಲ್ ಮಾಡುವ ಅಂಗಡಿಗೆ ಒಯ್ಯುತ್ತಾರೆ. ಹಾಗೆ ಒಯ್ಯುವಾಗ ಪರೀಕ್ಷೆಯ ತುಂಡನ್ನೂ ಜೊತೆಗೆ ಕೊಟ್ಟು, ಮೊದಲು ಅದರ ಮೇಲೆ ಹೊಡೆದು ತೋರಿಸುವಂತೆ ಕೇಳಬೇಕು, ಏಕೆಂದರೆ ತೆಳು ಸೀರೆಗೆ ಹೊಂದಿಸಿದ ಮಷೀನು ಗಟ್ಟಿ ಕಾರ್ಡಿಗೆ ಹಾಗೆಯೇ ಒಗ್ಗುವುದಿಲ್ಲ.

ಕಸೂತಿ ಹಾಕಿದ ಕಾರ್ಡಿನ ತೊಂದರೆಗಳು ಬಹುತೇಕ ಕ್ರಮ ತಪ್ಪಿದ್ದರಿಂದ ಬರುತ್ತವೆ. ಗವಂತಿ, ಮುರಗಿ, ನೇಗಿ, ಮೆಂತಿ ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆಗಳು. ಬಕ್ರಮ್ ಅಂಟಿಸಿದ ಮೇಲೆ ಎಳೆಗಳು ಒತ್ತಿಕೊಂಡು ಎಣಿಕೆ ಸಿಗದೆ ಕಸೂತಿಯ ಗೋಪುರದ ಚಿತ್ರ ಒಂದು ಕಡೆ ವಾಲುತ್ತದೆ. ಆದ್ದರಿಂದ ಕಸೂತಿ ಮುಗಿಸಿಯೇ ಅಂಟಿಸಬೇಕು. ಗಂಟು ಹಾಕದೆ ಹಿಡಿಸಿದ ಕಸೂತಿಯ ದಾರದ ತುದಿಗಳು ತಿಳಿಬಟ್ಟೆಯ ಕೆಳಗೆ ನೆರಳಿನಂತೆ ಕಾಣುತ್ತಿದ್ದರೆ, ಅಂಟಿಸುವ ಮೊದಲು ಅವನ್ನು ಹೊಲಿಗೆಯ ಅಡಿಯಲ್ಲಿ ಸರಿಯಾಗಿ ತೂರಿಸಿ ಕತ್ತರಿಸದೆ ಹೋದದ್ದೇ ಕಾರಣ. ಇಸ್ತ್ರಿ ಬಿದ್ದು ಕಸೂತಿ ಚಪ್ಪಟೆಯಾಗಬಾರದೆಂದರೆ ದಪ್ಪ ಟವೆಲಿನ ಮೇಲೆ ಕಸೂತಿಯನ್ನು ಮಗುಚಿ ಹಾಕಿ ಹಿಂಬದಿಯಿಂದ ಒತ್ತಬೇಕು.

ಉಬ್ಬಿದ ಕೌದಿ

ಕಾರ್ಡಿಗಿಂತ ಕೌದಿಯಲ್ಲಿ ಪತ್ತೆದಾರಿಕೆ ಕಠಿಣ, ಏಕೆಂದರೆ ಕಾರ್ಡಿನಲ್ಲಿ ಮೂರು ಪದರಿದ್ದರೆ ಕೌದಿಯಲ್ಲಿ ನಾಲ್ಕೈದು ಹಳೆಯ ಸೀರೆಗಳ ಪದರು, ಮೇಲೆ ಬಣ್ಣದ ತುಂಡುಗಳು. ತೊಟ್ಟಿಲಿನ ಮೂವತ್ತು ಇಂಚಿನ ಕೌದಿಯೇ ಆದರೂ ನಡುವೆ ಉಬ್ಬು ಬಂದರೆ ಕೂಸಿನ ಬೆನ್ನಿಗೆ ಒತ್ತುತ್ತದೆ, ಆದ್ದರಿಂದ ಇದನ್ನು ಕಡೆಗಣಿಸುವಂತಿಲ್ಲ.

ಕೌದಿಯನ್ನು ಮಗುಚಿ ಹಿಂಬದಿ ನೋಡಿರಿ. ಮುಂಬದಿಯಲ್ಲಿ ಉಬ್ಬಿದ್ದು ಹಿಂಬದಿ ಸಮನಾಗಿದ್ದರೆ ಮೇಲಿನ ತುಂಡುಗಳು ಹೆಚ್ಚಾಗಿವೆ. ಹಿಂಬದಿಯಲ್ಲಿ ಮಡಿಕೆ ಬಿದ್ದಿದ್ದರೆ ಒಳಪದರು ಸರಿದಿದೆ, ಅಂದರೆ ಪದರುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕಚ್ಚಾ ಹೊಲಿಗೆ ಹಾಕಿರಲಿಲ್ಲ ಅಥವಾ ತೀರ ದೂರದೂರ ಹಾಕಲಾಗಿತ್ತು. ಒಂದು ಗೇಣಿಗಿಂತ ಹೆಚ್ಚು ಅಂತರ ಬಿಡಬಾರದು. ಎರಡೂ ಬದಿ ಉಬ್ಬಿದ್ದರೆ ಹೊಲಿಗೆ ಎಲ್ಲಿಂದ ಆರಂಭವಾಗಿ ಎಲ್ಲಿಗೆ ಹೋಯಿತೆಂದು ಕೇಳಬೇಕು. ಕೈಹೊಲಿಗೆಯ ಕೌದಿ ಅಂಚಿನಿಂದ ಆರಂಭವಾಗಿ ಸುತ್ತುತ್ತ ಒಳಕ್ಕೆ ಬರುತ್ತದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದೂ ಹೀಗೆಯೇ. ಕೈಯಲ್ಲಿ ಹೊಲಿಯುವಾಗ ಪ್ರತಿ ಟಾಕಿಗೂ ಬಟ್ಟೆಯನ್ನು ಸವರಿ, ಹೆಚ್ಚಾದದ್ದನ್ನು ಮುಂದಿನ ತುಂಡಿನ ಮಡಿಕೆಯೊಳಗೆ ನುಂಗಿಸುತ್ತ ಹೋಗುವುದರಿಂದ ನಡುವಿಗೆ ಬರುವ ಹೊತ್ತಿಗೆ ಉಬ್ಬಿಗೆ ಜಾಗವೇ ಉಳಿದಿರುವುದಿಲ್ಲ. ಮಷೀನಿಗೆ ಆ ಸೂಕ್ಷ್ಮ ಇಲ್ಲ. ಅದರ ಹಲ್ಲುಗಳು ಕೆಳಪದರನ್ನು ಮುಂದಕ್ಕೆ ತಳ್ಳುತ್ತವೆ, ಪಾದ ಮೇಲ್ಪದರನ್ನು ತಡೆಯುತ್ತದೆ, ಸುತ್ತಲೂ ಅಂಚು ಮುಚ್ಚಿದ್ದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಬಂದು ಗುಡ್ಡೆಯಾಗುತ್ತದೆ. ಆದ್ದರಿಂದ ಮಷೀನಿನಲ್ಲಿ ನಡುವಿನಿಂದ ಹೊರಕ್ಕೆ, ಕೈಯಲ್ಲಿ ಅಂಚಿನಿಂದ ಒಳಕ್ಕೆ. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಚ್ಚಿದವರ ಕೌದಿಗಳೇ ನನ್ನ ಬಳಿಗೆ ಹೆಚ್ಚಾಗಿ ಬಂದಿವೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಆಯಿ ನಾನು ತೋರಿಸಿದ ಉಬ್ಬನ್ನು ಅಂಗೈಯಿಂದ ಎರಡು ಸಲ ಸವರಿ, "ನೀ ಮಷೀನ್ ಓಡಿಸಿದಿ, ಬಟ್ಟಿ ಮಾತು ಕೇಳಲೇ ಇಲ್ಲ ಯವ್ವಾ" ಎಂದಿದ್ದರು.

ಪದರುಗಳ ನಡುವೆ ಅರಳೆ ತುಂಬಿದ್ದರೆ ಹೊಲಿಗೆಯ ಸಾಲುಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಅಂತರ ಇರಬಾರದು, ಇಲ್ಲವಾದರೆ ಮೊದಲ ಒಗೆತದಲ್ಲೇ ಅರಳೆ ಉಂಡೆಗಟ್ಟುತ್ತದೆ.

ಕೌದಿಯ ಹೊಲಿಗೆ ಗಟ್ಟಿಯಾಗಿದ್ದು ಅದರ ಪಕ್ಕದ ಬಟ್ಟೆಯೇ ಹರಿಯುತ್ತಿದ್ದರೆ ಬಟ್ಟೆಯ ಆಯುಷ್ಯ ಮುಗಿದಿತ್ತೆಂದು ತಿಳಿಯಬೇಕು. ಅಜ್ಜಿಯ ಇಳಕಲ್ ಸೀರೆಯನ್ನು ಮೊಮ್ಮಗಳ ಕೂಸಿನ ಕೌದಿಗೆ ಹಾಕಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಕತ್ತರಿ ಹಾಕುವ ಮುನ್ನ ಎರಡೂ ಹೆಬ್ಬೆರಳಿನ ನಡುವೆ ಬಟ್ಟೆ ಹಿಡಿದು ಹಾಸಿನ ದಿಕ್ಕಿಗೊಮ್ಮೆ ಹೊಕ್ಕಿನ ದಿಕ್ಕಿಗೊಮ್ಮೆ ಜಗ್ಗಿ ನೋಡಿರಿ. ಚರ್ ಎಂದರೆ ಆ ಭಾಗ ಒಳಪದರಿಗೂ ಬೇಡ. ಒಡಲು ಹೀಗೆ ಸೋತಿದ್ದರೂ ದಡಿ ಗಟ್ಟಿಯಾಗಿರುವುದು ಸಾಮಾನ್ಯ, ಅದನ್ನು ಬಿಡಿಸಿ ಕೌದಿಯ ಅಂಚಿಗೆ ಕಟ್ಟಬಹುದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿರುವ ಗೆರೆಯ ಮೇಲೆ ಮಾತ್ರ ಕತ್ತರಿಯನ್ನಾಗಲಿ ಹೊಲಿಗೆಯನ್ನಾಗಲಿ ತರಬೇಡಿರಿ, ಕೊಂಡಿ ತುಂಡಾದರೆ ಅಲ್ಲಿ ಬಟ್ಟೆ ಬಿಟ್ಟುಕೊಳ್ಳುತ್ತದೆ.

ಬಣ್ಣ ಬಿಟ್ಟಿತು, ಶಾಯಿ ಹರಡಿತು

ಒಗೆದ ಮೇಲೆ ಬಿಳಿ ತುಂಡು ಗುಲಾಬಿಯಾಗಿದ್ದರೆ ಯಾವ ತುಂಡು ಬಣ್ಣ ಬಿಟ್ಟಿತೆಂದು ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಂದೊಂದೇ ತುಂಡಿನ ಮೇಲೆ ಇಟ್ಟು ಇಸ್ತ್ರಿಯಿಂದ ಒತ್ತಿ ನೋಡಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತು ಮನೆಮನೆಯಲ್ಲಿದೆ. ಉಪ್ಪು ಬಣ್ಣ ಹಾಕುವ ಹೊತ್ತಿನಲ್ಲಿ ನೂಲಿಗೆ ಬಣ್ಣ ಏರಲು ನೆರವಾಗುತ್ತದೆಯೇ ಹೊರತು ಸರಿಯಾಗಿ ಹಿಡಿಯದೆ ಉಳಿದ ಬಣ್ಣವನ್ನು ಆಮೇಲೆ ಕಟ್ಟಿಹಾಕುವುದಿಲ್ಲ. ಹೊಸ ಕೆಂಪು, ಕಪ್ಪು, ನೀಲಿ ಬಟ್ಟೆಗಳನ್ನು ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯುವುದೊಂದೇ ದಾರಿ. ನೀರು ತಿಳಿಯಾಗದ ಬಟ್ಟೆಯನ್ನು ಒಗೆಯಬೇಕಾಗದ ಕಾರ್ಡಿಗೆ ಬಳಸಿರಿ, ಕೌದಿಗೆ ಬೇಡ. ವರ್ಷಗಟ್ಟಲೆ ಒಗೆದ ಹಳೆಯ ಸೀರೆಗಳು ಈ ವಿಷಯದಲ್ಲಿ ಹೊಸ ಬಟ್ಟೆಗಿಂತ ಮೇಲು.

ಕಾರ್ಡಿನ ಹಿಂಬದಿಯಲ್ಲಿ ಬರೆದ ವಿಳಾಸ ಹರಡಿದ್ದರೆ ಬಟ್ಟೆಯಲ್ಲಿ ಗಂಜಿ ಇಲ್ಲ. ಬಾಲ್‌ಪೆನ್ನು ಎಳೆಗಳ ನಡುವೆ ತಡವರಿಸುತ್ತಿದ್ದರೆ ಬಟ್ಟೆಯ ನೇಯ್ಗೆ ಒರಟಾಗಿದೆ. ತೆಳುವಾದ ಅಕ್ಕಿಗಂಜಿ ಹಚ್ಚಿ, ಇಸ್ತ್ರಿ ಮಾಡಿ, ನೀರಿಗೆ ಅಳಿಸದ ಸಣ್ಣ ಮೊನೆಯ ಮಾರ್ಕರ್ ಬಳಸಿದರೆ ಎರಡೂ ತೀರುತ್ತವೆ. ಬರೆಯುವುದನ್ನು ಅಂಚು ಕಟ್ಟುವ ಮೊದಲೇ ಮುಗಿಸಿದರೆ ಕೆಟ್ಟಾಗ ಹಿಂಬದಿಯ ಬಟ್ಟೆಯೊಂದನ್ನೇ ಬದಲಿಸಿದರೆ ಸಾಕಾಗುತ್ತದೆ. ಬರೆದ ಮೇಲೆ ಒಮ್ಮೆ ಬಿಸಿ ಇಸ್ತ್ರಿ ಒತ್ತಿ, ಒದ್ದೆ ಬೆರಳಿನಿಂದ ಮೂಲೆಯ ಒಂದು ಅಕ್ಷರವನ್ನು ತಿಕ್ಕಿ ನೋಡಿ, ಬೆರಳಿಗೆ ಬಣ್ಣ ಹತ್ತದಿದ್ದರೆ ಕಾರ್ಡನ್ನು ಲಕೋಟೆಗೆ ಹಾಕಿರಿ.